ಗಂಜಿನ ತೊಗರಿ, ಮ್ಯಾನ್ಮಾರಿನ ಬಂದರು: ಬೆಳೆಯುವ ಮಹಾಶಕ್ತಿಗಳು ತಮ್ಮ ನೆರೆಹೊರೆಯನ್ನು ಬದಲಿಸುವುದು ಹೇಗೆ?

ಜನವರಿ ಹೊತ್ತಿಗೆ ಕಲಬುರಗಿಯ ಧಾನ್ಯದ ಮಾರುಕಟ್ಟೆಯಾದ ನೆಹರೂ ಗಂಜಿನಲ್ಲಿ ಎತ್ತ ನೋಡಿದರೂ ತೊಗರಿ. ಅಡತಿ ಅಂಗಡಿಗಳ ಮುಂದೆ ರಾಶಿ ಸುರಿದಿರುತ್ತದೆ. ಖರೀದಿಗೆ ಬಂದವರು ಒಂದು ಹಿಡಿ ಕಾಳು ಎತ್ತಿ ಅಂಗೈಯಲ್ಲಿ ಹರಡುತ್ತಾರೆ, ಒಂದನ್ನು ಹಲ್ಲಿನಲ್ಲಿ ಕಚ್ಚಿ ತೇವ ಎಷ್ಟಿದೆ ಎಂದು ನೋಡುತ್ತಾರೆ, ಮಾತಿಲ್ಲದೆ ಮುಂದಿನ ರಾಶಿಗೆ ಹೋಗುತ್ತಾರೆ. ಕಳೆದ ಸುಗ್ಗಿಯಲ್ಲಿ ಆಳಂದ ತಾಲ್ಲೂಕಿನಿಂದ ನಮ್ಮ ಕಾಕಾ ಮಾಲು ತಂದಿದ್ದಾಗ ನಾನೂ ಜೊತೆಗಿದ್ದೆ. ಅವರು ಮನಸ್ಸಿನಲ್ಲಿ ಎಣಿಸಿಕೊಂಡಿದ್ದ ದರಕ್ಕೂ ಅಂಗಡಿಯಲ್ಲಿ ಕೇಳಿಬಂದ ದರಕ್ಕೂ ಅಂತರವಿತ್ತು. ‘ಲೆಮನ್ ಬಂದಿದೆ, ಆಫ್ರಿಕಾ ಮಾಲೂ ಇದೆ’ ಎಂದು ವಿವರಣೆ ಬಂತು. ಲೆಮನ್ ಎಂಬುದು ಮ್ಯಾನ್ಮಾರಿನಿಂದ ಬರುವ ತೊಗರಿಗೆ ವ್ಯಾಪಾರಿಗಳು ಇಟ್ಟಿರುವ ಹೆಸರು.

ಕಾಕಾ ನನ್ನತ್ತ ತಿರುಗಿ, ‘ತಮ್ಮಾ, ನೀನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ನನ್ನ ಎರೆ ಹೊಲದ ಕಾಳಿಗೆ ಅಲ್ಲೆಲ್ಲೋ ಇರುವವರು ಯಾಕೆ ದರ ಕಟ್ಟುತ್ತಾರೆ, ಹೇಳು ನೋಡೋಣ’ ಎಂದರು. ಅಂದು ಗಾಡಿಯಲ್ಲಿ ಊರಿಗೆ ಮರಳುವಾಗ ಅವರಿಗೆ ಹೇಳಿದ್ದನ್ನು ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತಿದ್ದೇನೆ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲೆ ಶೇ 50ರಷ್ಟು ಸುಂಕ ಹೇರಿದಾಗಿನಿಂದ, ಅದರಲ್ಲಿ ಅರ್ಧವನ್ನು ರಷ್ಯಾದ ತೈಲ ಕೊಂಡದ್ದಕ್ಕೆ ದಂಡವಾಗಿ ಹಾಕಿದಾಗಿನಿಂದ, ಇಂಥ ಪ್ರಶ್ನೆಗಳು ಚಹಾದ ಅಂಗಡಿಯಲ್ಲೂ ಕೇಳಿಬರುತ್ತಿವೆ.

ಊರು, ಓಣಿ, ಮೂರಂತಸ್ತಿನ ಮನೆ

ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳೋಣ. ತನ್ನ ಗಡಿಯಿಂದ ಬಹುದೂರದಲ್ಲಿರುವ ದೇಶಗಳೂ ‘ಇವರು ಏನನ್ನುತ್ತಾರೋ’ ಎಂದು ಯೋಚಿಸಿ ಹೆಜ್ಜೆ ಇಡಬೇಕಾಗುವಂಥ ದೇಶ ಮಹಾಶಕ್ತಿ. ಸೈನ್ಯ ಬೇಕು, ಹಣ ಬೇಕು, ಅವೆರಡಕ್ಕಿಂತ ಹೆಚ್ಚಾಗಿ ಬೇರೆಯವರಿಗೆ ಆ ದೇಶದ ಗರಜು ಇರಬೇಕು. ಬೆಳೆಯುತ್ತಿರುವ ಮಹಾಶಕ್ತಿ ಎಂದರೆ ಇನ್ನೂ ತುದಿ ಮುಟ್ಟಿಲ್ಲ, ಆದರೆ ಹತ್ತು ವರ್ಷಕ್ಕೊಮ್ಮೆ ನೋಡಿದರೆ ತೂಕ ಏರಿರುತ್ತದೆ. ಇಂಥ ದೇಶದ ವಿಷಯದಲ್ಲಿ ನೆರೆಯವರು ಅದರ ಇಂದಿನ ಬಲಕ್ಕಿಂತ ನಾಳಿನ ಬಲವನ್ನು ಲೆಕ್ಕ ಹಾಕುತ್ತಾರೆ. ಗಲಿಬಿಲಿ ಹುಟ್ಟುವುದೇ ಅಲ್ಲಿಂದ.

ಮೂರನೆಯ ಪದ ಸ್ವಲ್ಪ ಭಾರವಾದದ್ದು: ಪ್ರಾದೇಶಿಕ ಉಪವ್ಯವಸ್ಥೆ. ಜಗತ್ತನ್ನು ಒಂದು ಊರು ಎಂದುಕೊಂಡರೆ ಇದು ಓಣಿ. ಓಣಿಯ ಮನೆಗಳಿಗೆ ಗೋಡೆ ಒಂದೇ, ಗಟಾರು ಒಂದೇ, ಹಳೆಯ ಜಗಳಗಳೂ ನೆಂಟಸ್ತಿಕೆಗಳೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಊರಿನ ಇನ್ನೊಂದು ತುದಿಯಲ್ಲಿ ಏನಾಯಿತು ಎಂಬುದಕ್ಕಿಂತ ಎದುರುಮನೆಯವರು ಜಗಲಿಯನ್ನು ಒಂದು ಅಡಿ ಮುಂದಕ್ಕೆ ತಂದರೇ ಎಂಬುದೇ ಇವರಿಗೆ ದೊಡ್ಡದು. ದೇಶಗಳೂ ಹೀಗೆಯೇ ಬದುಕುತ್ತವೆ. ದಕ್ಷಿಣ ಏಷ್ಯಾ ಒಂದು ಓಣಿ, ಆಗ್ನೇಯ ಏಷ್ಯಾ ಇನ್ನೊಂದು, ಪಶ್ಚಿಮ ಏಷ್ಯಾ ಮತ್ತೊಂದು. ಇವುಗಳಿಗೆ ತಮ್ಮದೇ ನಡೆ ಇದೆ, ಇವನ್ನು ಬಿಡಿಯಾಗಿಯೂ ಅಭ್ಯಾಸ ಮಾಡಬೇಕು ಎಂದು ಮೈಕೆಲ್ ಬ್ರೆಷರ್ ಮೊದಲಾದ ವಿದ್ವಾಂಸರು 1950 ಮತ್ತು 60ರ ದಶಕಗಳಲ್ಲಿ ವಾದಿಸಿದರು. ಆಗ ಜಗತ್ತನ್ನೆಲ್ಲ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಕಣ್ಣಿನಿಂದಲೇ ನೋಡುವ ರೂಢಿಯಿತ್ತು.

ಈಗ ಆ ಓಣಿಯ ಒಂದು ಮನೆಯವರು ಕೆಲವೇ ವರ್ಷಗಳಲ್ಲಿ ಭಾರೀ ಸ್ಥಿತಿವಂತರಾದರು ಎನ್ನೋಣ. ಮೂರು ಅಂತಸ್ತು ಏರಿಸಿದರು, ಎಲ್ಲರಿಗಿಂತ ಆಳಕ್ಕೆ ಬೋರ್‌ವೆಲ್ ಕೊರೆಸಿದರು. ಯಾರ ಮೇಲೂ ಕೈ ಮಾಡಲಿಲ್ಲ. ಆದರೂ ಅಕ್ಕಪಕ್ಕದವರ ನೀರು ಕೆಳಗಿಳಿಯಿತು. ಬೇಸಿಗೆಯಲ್ಲಿ ಅವರ ಮನೆಯ ಪೈಪಿನಿಂದಲೇ ನಾಲ್ಕು ಕೊಡ ನೀರು ಸಿಗುತ್ತದೆ ಎಂಬುದೂ ನಿಜ. ಮಗಳ ಮದುವೆಗೆ ಸಾಲ ಬೇಕಾದವರು ಅವರ ಬಾಗಿಲಿಗೆ ಹೋಗುತ್ತಾರೆ. ಗಟಾರಿನ ಹಳೆಯ ಜಗಳದಲ್ಲಿ ಎರಡೂ ಕಡೆಯವರು ಅವರನ್ನು ತಮ್ಮತ್ತ ಎಳೆದುಕೊಳ್ಳಲು ನೋಡುತ್ತಾರೆ. ಬೆಳೆಯುವ ಮಹಾಶಕ್ತಿಯ ಕತೆಯಲ್ಲಿ ನಾವು ಗಮನಿಸಬೇಕಾದದ್ದು ಈ ಕೊನೆಯ ಮಾತನ್ನು. ಅದು ಬಾಗಿಲು ಒಡೆದು ಒಳಬರುವುದು ಅಪರೂಪ. ಬಹಳ ಸಲ ಓಣಿಯ ಒಳಜಗಳವೇ ಬಾಗಿಲು ತೆರೆದುಕೊಡುತ್ತದೆ.

ದಖ್ಖನ್ನಿನ ಐದು ಮನೆಗಳು

ಇದಕ್ಕೆ ಉದಾಹರಣೆ ಹುಡುಕಲು ನಾವು ಕಲಬುರಗಿ ಕೋಟೆಯಿಂದ ಆಚೆ ಹೋಗಬೇಕಿಲ್ಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಯಿತು. ಮುಂದಿನ ಶತಮಾನದಲ್ಲಿ ಆ ಪಟ್ಟ ಬೀದರಿಗೆ ಹೋಯಿತು. ದಕ್ಷಿಣದಲ್ಲಿ ವಿಜಯನಗರ, ಉತ್ತರದಲ್ಲಿ ಬಹಮನಿ, ಕೃಷ್ಣಾ-ತುಂಗಭದ್ರೆಗಳ ನಡುವಿನ ನೆಲವಾದ ರಾಯಚೂರಿನ ದೋಆಬಿಗಾಗಿ ಜಗ್ಗಾಟ. ಬಹಮನಿ ಒಡೆದು ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೇರಾರ್, ಬೀದರ್ ಎಂದು ಐದಾದ ಮೇಲೆ ಆಟ ಇನ್ನೂ ಬಿಗಿಯಾಯಿತು. ಒಬ್ಬರು ಬಲಿತರೆ ಉಳಿದವರು ಕೂಡಿಕೊಂಡು ತಗ್ಗಿಸುವುದು ಅಲ್ಲಿಯ ನಿಯಮ. ಅಹ್ಮದ್‌ನಗರದ ವಿರುದ್ಧ ವಿಜಯನಗರದ ರಾಮರಾಯನ ಕೈ ಹಿಡಿದಿದ್ದ ಬಿಜಾಪುರದ ಸುಲ್ತಾನನೇ 1565ರಲ್ಲಿ ಬೇರೆ ಸುಲ್ತಾನರ ಜೊತೆ ಸೇರಿ ರಾಮರಾಯನ ಮೇಲೆ ಹೋದ. ಇದನ್ನು ಬರೀ ಧರ್ಮದ ಯುದ್ಧವಾಗಿ ಓದಿದರೆ ಕೆಲವು ವರ್ಷ ಮೊದಲಿನ ಮೈತ್ರಿ ಅರ್ಥವಾಗುವುದಿಲ್ಲ. ಬಲದ ಸಮತೋಲನವಾಗಿ ಓದಿದರೆ ಎರಡೂ ಅರ್ಥವಾಗುತ್ತವೆ. ಪಾಠ ಮಾಡುವಾಗ ನಾನು ಇಲ್ಲಿ ಬೇಕೆಂದೇ ಒಂದಿಷ್ಟು ಹೊತ್ತು ನಿಲ್ಲುತ್ತೇನೆ.

ಇಂಥ ಓಣಿಗೆ ಉತ್ತರದಿಂದ ಮೊಘಲರು ಬಂದರು. ಹೇಗೆ ಬಂದರು ಎಂಬುದನ್ನು ನೋಡಿ. 1595ರಲ್ಲಿ ಅಹ್ಮದ್‌ನಗರದ ಸಿಂಹಾಸನಕ್ಕಾಗಿ ಒಳಜಗಳ ಎದ್ದಿತು. ಅದರಲ್ಲಿ ಒಂದು ಬಣದ ಮುಖಂಡ ಮಿಯಾನ್ ಮಂಜು ಗುಜರಾತಿನಲ್ಲಿದ್ದ ಅಕ್ಬರನ ಮಗ ಮುರಾದನಿಗೆ ತಾನೇ ಕರೆ ಕಳುಹಿಸಿದ. ಮೊಘಲ್ ಸೈನ್ಯಕ್ಕೆ ಬರುವ ಆಸೆ ಮೊದಲೇ ಇತ್ತು, ಈಗ ಕರೆದವರೂ ಸಿಕ್ಕರು. ಅಹ್ಮದ್‌ನಗರದ ರಾಜಮನೆತನದ ಚಾಂದ್ ಬೀಬಿ ಕೋಟೆ ಉಳಿಸಿಕೊಳ್ಳಲು ಹೋರಾಡಿದಳು, ಆದರೆ 1596ರಲ್ಲಿ ಬೇರಾರ್ ಬಿಟ್ಟುಕೊಡಬೇಕಾಯಿತು, 1600ರಲ್ಲಿ ಕೋಟೆಯೂ ಹೋಯಿತು. ಆಮೇಲೆ ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರ್ 1626ರಲ್ಲಿ ಸಾಯುವವರೆಗೂ ಮೊಘಲರನ್ನು ಕಾಡಿದ.

1636ರ ಒಪ್ಪಂದದಲ್ಲಿ ಎರಡನೆಯ ಹಂತ ಕಾಣುತ್ತದೆ. ಅಳಿದುಳಿದ ಅಹ್ಮದ್‌ನಗರವನ್ನು ಷಹಜಹಾನ್ ಮತ್ತು ಬಿಜಾಪುರ ಹಂಚಿಕೊಂಡರು. ದೊಡ್ಡವನ ಜೊತೆ ಸೇರಿ ನೆರೆಯವನ ಹೊಲದಲ್ಲಿ ಪಾಲು ಪಡೆದಂತೆ. ಗೋಲ್ಕೊಂಡದವರು ಶುಕ್ರವಾರದ ನಮಾಜಿನ ಪ್ರವಚನವಾದ ಖುತ್ಬಾದಲ್ಲಿ ಇರಾನಿನ ಷಾ ಹೆಸರು ಹೇಳುತ್ತಿದ್ದರು. ದೆಹಲಿ-ಆಗ್ರಾಗಳ ಭಾರಕ್ಕೆ ಎದುರು ತೂಕವಾಗಿ ಅವರು ಇನ್ನೊಂದು ದೂರದ ದೊರೆಯನ್ನು ಇಟ್ಟುಕೊಂಡಿದ್ದರು. ಆ ಹೆಸರನ್ನು ತೆಗೆಸುವುದು ಒಪ್ಪಂದದ ಷರತ್ತಾಯಿತು. ಉತ್ತರದ ದಾರಿ ಮುಚ್ಚಿದ್ದರಿಂದ ಬಿಜಾಪುರ ಮತ್ತು ಗೋಲ್ಕೊಂಡಗಳ ಸೈನ್ಯ ದಕ್ಷಿಣಕ್ಕೆ ಹೊರಳಿತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದದ್ದು ಇದೇ ಹೊರಳಿನಲ್ಲಿ. ಆಗ್ರಾದ ಬಲ ಏರಿದ್ದಕ್ಕೆ ಬೆಂಗಳೂರಿನ ಕೋಟೆ ಕೈ ಬದಲಾಯಿಸಿತು. ಮಹಾಶಕ್ತಿಯೊಂದು ತಾನು ಮುಟ್ಟದ ಜಾಗವನ್ನೂ ಬದಲಿಸುತ್ತದೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ಮೂರನೆಯ ಹಂತ ಬೇಗ ಹೇಳಿ ಮುಗಿಸಬಹುದು. 1657ರಲ್ಲಿ ರಾಜಕುಮಾರ ಔರಂಗಜೇಬ ಬೀದರ್ ಮತ್ತು ಕಲ್ಯಾಣಿ ಕೋಟೆಗಳನ್ನು ಹಿಡಿದ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಬಿದ್ದವು. ಓಣಿಯ ಸ್ವಂತ ಆಟವೇ ನಿಂತುಹೋಯಿತು. ಹೊರಗಿನ ಶಕ್ತಿ ಇಡೀ ಪ್ರದೇಶದ ಮೇಲೆ ಕಂಬಳಿಯಂತೆ ಹಾಸಿಕೊಂಡು, ಒಳಗಿನ ಮೈತ್ರಿ-ಮತ್ಸರಗಳಿಗೆ ಅರ್ಥವೇ ಉಳಿಯದ ಈ ಸ್ಥಿತಿಗೆ ಬ್ಯಾರಿ ಬುಜಾನ್ ಎಂಬ ವಿದ್ವಾಂಸರು ಒಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ‘ಮೇಲುಹೊದಿಕೆ’ ಎನ್ನಬಹುದು. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾದ ಮುಂದೆ ನಿಂತರೆ ಅದರ ಗುರುತು ಕಾಣುತ್ತದೆ. 1472ರ ಆ ಕಟ್ಟಡದ ಮುಂಭಾಗದಲ್ಲಿ ಒಂದು ಮಿನಾರ್ ಇನ್ನೂ ಇದೆ, ಬುಡದಲ್ಲಿ ನೀಲಿ-ಹಸಿರು ಹೆಂಚಿನ ಚೂರುಗಳು ಬಿಸಿಲಿಗೆ ಹೊಳೆಯುತ್ತವೆ. ಇನ್ನೊಂದು ಬದಿ ಒಡೆದ ಗೋಡೆ. ಮೊಘಲರ ಕಾಲದಲ್ಲಿ ಅಲ್ಲಿ ಕೂಡಿಟ್ಟಿದ್ದ ಮದ್ದಿನಪುಡಿ 17ನೇ ಶತಮಾನದ ಕೊನೆಯಲ್ಲಿ ಸಿಡಿಯಿತು. ಇರಾನಿನ ಗಿಲಾನ್‌ನಿಂದ ಬಂದ ಮಂತ್ರಿಯೊಬ್ಬ ಕಟ್ಟಿಸಿದ ಪಾಠಶಾಲೆ ಅಷ್ಟರಲ್ಲಿ ಹೊರಗಿನ ಸೈನ್ಯದ ಉಗ್ರಾಣವಾಗಿತ್ತು.

ಬಲ ಯಾವ ದಾರಿಯಿಂದ ಬರುತ್ತದೆ?

ಇಂದಿನ ಕಾಲದಲ್ಲಿ ಕೋಟೆಗೆ ಮುತ್ತಿಗೆ ಹಾಕುವುದು ಕಡಿಮೆ. ಉಕ್ರೇನ್ ಯುದ್ಧ ನೋಡಿದವರು ಅದು ಪೂರ್ತಿ ನಿಂತಿದೆ ಎಂದು ಹೇಳಲಾರರು, ಆದರೂ ಬಲ ಹರಿಯುವ ಮಾಮೂಲಿ ದಾರಿಗಳು ಬೇರೆ: ವ್ಯಾಪಾರ, ಸಾಲ, ರಸ್ತೆ-ಬಂದರು, ಶಸ್ತ್ರ, ನೀರು.

ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದು 2001ರ ಡಿಸೆಂಬರ್‌ನಲ್ಲಿ. 2009ರ ಹೊತ್ತಿಗೆ ಅದು ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್‌ನ ಅತಿ ದೊಡ್ಡ ವ್ಯಾಪಾರ ಪಾಲುದಾರನಾಯಿತು. 2010ರಲ್ಲಿ ಜಪಾನನ್ನು ಹಿಂದೆ ಹಾಕಿ ಜಗತ್ತಿನ ಎರಡನೆಯ ದೊಡ್ಡ ಆರ್ಥಿಕತೆಯಾಯಿತು. 2013ರಲ್ಲಿ ರಸ್ತೆ, ರೈಲು, ಬಂದರುಗಳಿಗೆ ಸಾಲ ಕೊಡುವ ‘ಬೆಲ್ಟ್ ಅಂಡ್ ರೋಡ್’ ಯೋಜನೆ ಘೋಷಿಸಿತು. ನಮ್ಮಲ್ಲಿ ಒಬ್ಬ ಖರೀದಿದಾರ ಗಂಜಿನ ಅರ್ಧ ಮಾಲು ಎತ್ತಲು ಶುರುಮಾಡಿದರೆ ಅವನು ಬಾಯಿ ಬಿಟ್ಟು ಆಜ್ಞೆ ಮಾಡಬೇಕಾಗಿಲ್ಲ. ಅವನು ಬರುವ ಹೊತ್ತಿಗೆ ಕಾಟಾ ಹಾಕುತ್ತಾರೆ, ಅವನಿಗೆ ಬೇಕಾದ ಜಾತಿಯ ಕಾಳನ್ನೇ ರೈತರು ಬಿತ್ತುತ್ತಾರೆ. ದೇಶಗಳ ನಡುವೆಯೂ ಅವಲಂಬನೆ ಹೀಗೆ ಸದ್ದಿಲ್ಲದೆ ಬೆಳೆಯುತ್ತದೆ.

ಇದು ಚೀನಾದ ಸ್ವಭಾವ ಮಾತ್ರ ಎಂದುಕೊಳ್ಳಬಾರದು. ಅಮೆರಿಕ ತಾನು ಇನ್ನೂ ಎಳೆಯದಾಗಿದ್ದ 1823ರಲ್ಲೇ ಅಧ್ಯಕ್ಷ ಮನ್ರೊ ಬಾಯಿಯಿಂದ, ಯುರೋಪಿನವರು ಅಮೆರಿಕ ಖಂಡಗಳಲ್ಲಿ ಹೊಸ ವಸಾಹತು ಮಾಡಕೂಡದು ಎಂದು ಹೇಳಿಸಿತ್ತು. 1898ರಲ್ಲಿ ಸ್ಪೇನನ್ನು ಸೋಲಿಸಿತು, 1904ರಲ್ಲಿ ನೆರೆಯ ದೇಶಗಳಲ್ಲಿ ಕೈಹಾಕುವ ಹಕ್ಕು ತನಗಿದೆ ಎಂದಿತು, 1914ರಲ್ಲಿ ಪನಾಮಾ ಕಾಲುವೆ ತೆರೆಯಿತು. ಕೆರಿಬಿಯನ್ ಓಣಿಯ ಮೇಲೆ ಹೊದಿಕೆ ಬಿದ್ದದ್ದು ಹಾಗೆ.

ಭೀಮೆಯ ದಂಡೆಯಿಂದ ಮೆಕಾಂಗ್ ನೋಡಿದರೆ

ನೀರಿನ ವಿಷಯವನ್ನು ನಮ್ಮ ಕಡೆಯವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಫಜಲಪುರ, ಜೇವರ್ಗಿ, ಶಹಾಪುರ ತಾಲ್ಲೂಕುಗಳ ಭೀಮಾ ದಂಡೆಯ ಊರುಗಳು ಬೇಸಿಗೆಯಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಡಲಿ ಎಂದು ಕಾಯುತ್ತವೆ. ಮಳೆಗಾಲದಲ್ಲಿ ಅಲ್ಲಿಂದ ಬಿಟ್ಟರು ಎಂದು ಕೇಳಿದ ಕೂಡಲೇ ದನಕರು ಬಿಚ್ಚಿಕೊಂಡು ಮೇಲಕ್ಕೆ ಹೋಗುತ್ತವೆ. 2020ರ ಅಕ್ಟೋಬರ್‌ನಲ್ಲೂ 2025ರ ಸೆಪ್ಟೆಂಬರ್‌ನಲ್ಲೂ ಅದೇ ಆಯಿತು. ಮೇಲಿನವರು ಕೆಟ್ಟವರಾಗಬೇಕಿಲ್ಲ. ಗೇಟು ಅವರ ಕೈಯಲ್ಲಿದೆ, ಅಷ್ಟು ಸಾಕು. ಎರಡು ರಾಜ್ಯಗಳ ಮೇಲೆ ಒಂದು ಕೇಂದ್ರ, ಒಂದು ನ್ಯಾಯಮಂಡಳಿ, ಒಂದು ಸುಪ್ರೀಂ ಕೋರ್ಟು ನಮಗಿದೆ. ದೇಶಗಳ ಮೇಲೆ ಅಂಥ ಕೋರ್ಟು ಇಲ್ಲ. ಜಾಗತಿಕ ರಾಜಕಾರಣದ ತಿರುಳು ಈ ಒಂದು ವ್ಯತ್ಯಾಸದಲ್ಲಿದೆ.

ಮೆಕಾಂಗ್ ನದಿ ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಎಂದು ಆರು ದೇಶ ಮುಟ್ಟುತ್ತದೆ. ಮೇಲಿನ ಹರಿವಿನಲ್ಲಿ ಚೀನಾ ಹತ್ತಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳನ್ನು ಕಟ್ಟಿದೆ. ಕೆಳಗೆ ಕಾಂಬೋಡಿಯಾದಲ್ಲಿ ಟೋನ್ಲೆ ಸಾಪ್ ಎಂಬ ಸರೋವರವಿದೆ. ಮಳೆಗಾಲದಲ್ಲಿ ಮೆಕಾಂಗ್ ತುಂಬಿದಾಗ ಆ ಸರೋವರದಿಂದ ಹೊರಡುವ ನದಿ ಹಿಮ್ಮುಖವಾಗಿ ಹರಿದು ಸರೋವರವನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಆ ಉಬ್ಬರದಲ್ಲಿ ಮೀನು ಬೆಳೆಯುತ್ತದೆ, ಕಾಂಬೋಡಿಯಾದ ಬಡವರ ತಟ್ಟೆ ತುಂಬುತ್ತದೆ. ಮೇಲೆ ಗೇಟು ಯಾವಾಗ ತೆರೆಯಿತು ಎಂಬುದು ಕೆಳಗಿನ ತಟ್ಟೆಯ ಪ್ರಶ್ನೆಯಾಗುವುದು ಹೀಗೆ.

ಕೆಳಗಿನ ನಾಲ್ಕು ದೇಶಗಳು 1995ರಲ್ಲಿ ಮೆಕಾಂಗ್ ನದಿ ಆಯೋಗ ಮಾಡಿಕೊಂಡವು. ಚೀನಾ ಸದಸ್ಯನಾಗಲಿಲ್ಲ, ಮಾತುಕತೆಯ ಪಾಲುದಾರನಾಗಿ ಹೊರಗೇ ಉಳಿಯಿತು. 2016ರ ಮಾರ್ಚ್‌ನಲ್ಲಿ ಕೆಳಗೆ ತೀವ್ರ ಬರ ಬಂದಾಗ ಚೀನಾ ಜಿಂಗ್‌ಹಾಂಗ್ ಅಣೆಕಟ್ಟಿನಿಂದ ತುರ್ತು ನೀರು ಬಿಟ್ಟಿತು. ಅದೇ ತಿಂಗಳು ತಾನೇ ಮುಂದೆ ನಿಂತು ಆರೂ ದೇಶಗಳ ಹೊಸ ಸಹಕಾರ ವೇದಿಕೆಯ ಮೊದಲ ಶೃಂಗಸಭೆ ನಡೆಸಿತು. ಬೆಳೆಯುವ ಶಕ್ತಿ ಹಳೆಯ ಸಂಘದೊಳಗೆ ಕೂರುವ ಬದಲು ತನ್ನ ಮನೆಯಂಗಳದಲ್ಲಿ ಹೊಸ ಸಂಘ ಕಟ್ಟುತ್ತದೆ. ಅಲ್ಲಿ ಅಜೆಂಡಾ ಬರೆಯುವ ಕೈ ಅದರದೇ. 2020ರಲ್ಲಿ, ಚೀನಾ ನೀರು ಹಿಡಿದಿಟ್ಟಿತ್ತು ಎಂಬ ಅಧ್ಯಯನವೊಂದು ಅಮೆರಿಕದ ಹಣದ ನೆರವಿನಿಂದ ಹೊರಬಂತು, ಚೀನಾ ಅದನ್ನು ತಳ್ಳಿಹಾಕಿತು. ಆ ವರ್ಷವೇ ಅದು ಇಡೀ ವರ್ಷದ ನೀರಿನ ಅಂಕಿ-ಅಂಶ ಹಂಚಿಕೊಳ್ಳಲು ಒಪ್ಪಿತು. ಇಬ್ಬರು ದೊಡ್ಡವರ ಪೈಪೋಟಿಯಿಂದ ಸಣ್ಣವರಿಗೆ ಲಾಭವಾದ ನಿದರ್ಶನವೂ ಇದು.

ಬ್ರಹ್ಮಪುತ್ರದ ಮೇಲ್ಭಾಗದಲ್ಲಿ ಚೀನಾ 2025ರ ಜುಲೈಯಲ್ಲಿ ಬೃಹತ್ ಜಲವಿದ್ಯುತ್ ಯೋಜನೆ ಆರಂಭಿಸಿದಾಗ ಅಸ್ಸಾಮಿನಲ್ಲಿ ಎದ್ದ ಆತಂಕವನ್ನು ಭೀಮೆಯ ದಂಡೆಯವರು ಬೇಗ ಅರ್ಥಮಾಡಿಕೊಳ್ಳಬಲ್ಲರು.

ಸಣ್ಣವರು ಏನು ಮಾಡುತ್ತಾರೆ?

ಸಣ್ಣ ದೇಶಗಳು ಕೈಕಟ್ಟಿ ಕೂರುವುದಿಲ್ಲ. ಒಂದಾಗಿ ನಿಲ್ಲುವುದು ಅವುಗಳಿಗೆ ಕಾಣುವ ಮೊದಲ ದಾರಿ. ಆಸಿಯಾನ್ 1967ರಲ್ಲಿ ಬ್ಯಾಂಕಾಕ್‌ನಲ್ಲಿ ಐದು ದೇಶಗಳಿಂದ ಹುಟ್ಟಿತು. ಅಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ನಿರ್ಣಯ. ಅದು ಅದರ ಬಲ, ಅದೇ ಅದರ ಸಂದು. ದಕ್ಷಿಣ ಚೀನಾ ಸಮುದ್ರದ ಬಹುಭಾಗ ತನ್ನದೆಂದು ಚೀನಾ ಹೇಳುತ್ತದೆ, ಫಿಲಿಪ್ಪೀನ್ಸ್ ಮತ್ತು ವಿಯೆಟ್ನಾಂ ಒಪ್ಪುವುದಿಲ್ಲ. 2012ರ ಜುಲೈಯಲ್ಲಿ ಕಾಂಬೋಡಿಯಾದ ಅಧ್ಯಕ್ಷತೆಯಲ್ಲಿ ವಿದೇಶಾಂಗ ಮಂತ್ರಿಗಳು ನಾಮ್ ಪೆನ್‌ನಲ್ಲಿ ಸೇರಿದಾಗ ಈ ವಿವಾದದ ಉಲ್ಲೇಖ ಇರಬೇಕೆಂದು ಫಿಲಿಪ್ಪೀನ್ಸ್ ಪಟ್ಟು ಹಿಡಿಯಿತು, ಬೀಜಿಂಗಿಗೆ ಹತ್ತಿರವಾಗಿದ್ದ ಕಾಂಬೋಡಿಯಾ ಒಪ್ಪಲಿಲ್ಲ. 45 ವರ್ಷಗಳಲ್ಲಿ ಮೊದಲ ಸಲ ಜಂಟಿ ಹೇಳಿಕೆಯೇ ಇಲ್ಲದೆ ಸಭೆ ಮುಗಿಯಿತು. ಹೊರಗಿನವರು ಆಗ ಕೂಟದಲ್ಲಿದ್ದ ಹತ್ತು ಮನೆಗಳನ್ನೂ ಗೆಲ್ಲಬೇಕಾಗಲಿಲ್ಲ, ಒಂದು ಮನೆ ಸಾಕಾಯಿತು.

ಇನ್ನೊಂದು ದಾರಿ ಬೇರೆ ದೊಡ್ಡವರನ್ನು ಕರೆತರುವುದು, ಗೋಲ್ಕೊಂಡದವರು ಇರಾನನ್ನು ನೆಚ್ಚಿದ ಹಾಗೆ. 2016ರ ಜುಲೈ 12ರಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ಚೀನಾದ ಐತಿಹಾಸಿಕ ಹಕ್ಕಿನ ವಾದಕ್ಕೆ ಕಾನೂನಿನ ಆಧಾರವಿಲ್ಲ ಎಂದು ಫಿಲಿಪ್ಪೀನ್ಸ್ ಪರವಾಗಿ ತೀರ್ಪಿತ್ತಿತು. ಚೀನಾ ತೀರ್ಪನ್ನು ಒಪ್ಪಲಿಲ್ಲ, ಒಪ್ಪಿಸುವ ಪೊಲೀಸರು ಯಾರೂ ಇಲ್ಲ. ಕೆಲಕಾಲ ಬೀಜಿಂಗ್ ಕಡೆ ವಾಲಿದ ಫಿಲಿಪ್ಪೀನ್ಸ್ ಮತ್ತೆ ಹೊರಳಿ 2023ರಲ್ಲಿ ಅಮೆರಿಕದ ಸೈನ್ಯಕ್ಕೆ ಇನ್ನೂ ನಾಲ್ಕು ನೆಲೆಗಳಲ್ಲಿ ಅವಕಾಶ ಕೊಟ್ಟಿತು. ಭಾರತದಿಂದ ಬ್ರಹ್ಮೋಸ್ ಕ್ಷಿಪಣಿ ಕೊಂಡಿತು. 2022ರ ಜನವರಿಯಲ್ಲಿ ಸುಮಾರು 37.5 ಕೋಟಿ ಡಾಲರ್‌ಗಳ ಒಪ್ಪಂದವಾಯಿತು, ಮೊದಲ ಕಂತು 2024ರ ಏಪ್ರಿಲ್‌ನಲ್ಲಿ ತಲುಪಿತು. ನಮ್ಮ ಓಣಿಯ ಶಸ್ತ್ರ ಅವರ ಓಣಿಯ ಸಮತೋಲನಕ್ಕೆ ಸೇರಿಕೊಂಡಿತು.

ವಿಯೆಟ್ನಾಂ ಯಾರ ಮಡಿಲಿಗೂ ಬೀಳದೆ ಇಬ್ಬರ ಜೊತೆಗೂ ಚೆನ್ನಾಗಿರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರನ್ನು, ಡಿಸೆಂಬರ್‌ನಲ್ಲಿ ಚೀನಾದ ಅಧ್ಯಕ್ಷರನ್ನು ಬರಮಾಡಿಕೊಂಡಿತು. ಅವರೇ ಇದನ್ನು ಬಿದಿರಿನ ರಾಜತಾಂತ್ರಿಕತೆ ಎನ್ನುತ್ತಾರೆ, ಬಾಗುತ್ತದೆ, ಬೇರು ಕಿತ್ತುಬರುವುದಿಲ್ಲ.

ನಮ್ಮ ಓಣಿಯಲ್ಲಿ ನೇಪಾಳದ ಅನುಭವ ನೋಡಿ. 2015ರ ಹೊಸ ಸಂವಿಧಾನದ ನಂತರ ಭಾರತದ ಗಡಿಯಲ್ಲಿ ಸರಕು ಸಾಗಣೆ ತಿಂಗಳುಗಟ್ಟಲೆ ನಿಂತಿತು. ಇದು ಭಾರತದ ದಿಗ್ಬಂಧನ ಎಂದು ನೇಪಾಳ ದೂರಿತು, ಗಡಿಯಾಚೆಯ ಪ್ರತಿಭಟನೆಯೇ ಕಾರಣ ಎಂದು ಭಾರತ ಉತ್ತರಿಸಿತು. 2016ರ ಮಾರ್ಚ್‌ನಲ್ಲಿ ನೇಪಾಳ ಚೀನಾದ ಜೊತೆ ಸಾಗಣೆ ಒಪ್ಪಂದ ಮಾಡಿಕೊಂಡಿತು. ಆದರೆ ಚೀನಾದ ಬಂದರುಗಳು ಮೂರು ಸಾವಿರ ಕಿಲೋಮೀಟರಿಗೂ ದೂರ, ಕೋಲ್ಕತ್ತ ಒಂದು ಸಾವಿರದೊಳಗೆ. ಸರಕು ಇಂದಿಗೂ ಹೆಚ್ಚಾಗಿ ಹಳೆಯ ದಾರಿಯಲ್ಲೇ ಬರುತ್ತದೆ. ಕಾಗದ ಬದಲಾದಷ್ಟು ಬೇಗ ಭೂಗೋಳ ಬದಲಾಗುವುದಿಲ್ಲ. ಶ್ರೀಲಂಕಾ 2017ರಲ್ಲಿ ಹಂಬನ್‌ತೋಟ ಬಂದರನ್ನು 99 ವರ್ಷಕ್ಕೆ ಚೀನೀ ಕಂಪನಿಗೆ ಗುತ್ತಿಗೆ ಕೊಟ್ಟಿತು. 2022ರಲ್ಲಿ ಖಜಾನೆ ಬರಿದಾದಾಗ ಭಾರತ ಸುಮಾರು 400 ಕೋಟಿ ಡಾಲರ್‌ಗಳ ನೆರವಿತ್ತಿತು, ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದ ಆಕ್ಷೇಪದ ನಡುವೆಯೂ ಚೀನಾದ ಸಂಶೋಧನಾ ಹಡಗು ಆ ಬಂದರಿಗೆ ಬಂದು ನಿಂತಿತು.

ಮತ್ತೆ ಲೆಮನ್ ತೊಗರಿಗೆ

ಮ್ಯಾನ್ಮಾರ್ ಎರಡು ಓಣಿಗಳ ಮೂಲೆಮನೆ. ಒಂದು ಬಾಗಿಲು ನಮ್ಮ ಕಡೆಗೆ, ಒಂದು ಆಸಿಯಾನ್ ಕಡೆಗೆ, ಹಿತ್ತಲು ಚೀನಾಕ್ಕೆ. ಬಂಗಾಳ ಕೊಲ್ಲಿಯ ರಖೈನ್ ಕರಾವಳಿಯಲ್ಲಿ ಚಾವ್‌ಫ್ಯೂ ಎಂಬ ಬಂದರಿದೆ. ಅಲ್ಲಿಂದ ಚೀನಾದ ಯುನ್ನಾನ್‌ಗೆ 2013ರಿಂದ ಅನಿಲ, 2017ರಿಂದ ಕಚ್ಚಾ ತೈಲ ಕೊಳವೆಯಲ್ಲಿ ಹೋಗುತ್ತದೆ. ತನ್ನ ತೈಲದ ಹಡಗುಗಳು ಹಾದುಬರುವ ಮಲಕ್ಕಾ ಜಲಸಂಧಿಯಲ್ಲಿ ಯಾರಾದರೂ ತಡೆದರೆ ಎಂಬ ಹೆದರಿಕೆಗೆ ಚೀನಾ ಕಂಡುಕೊಂಡ ಹಿಂಬಾಗಿಲು ಅದು. ಅದೇ ಕರಾವಳಿಯಲ್ಲಿ ಸಿತ್ವೆ ಬಂದರನ್ನು ಭಾರತ ಕಟ್ಟಿದೆ, 2023ರ ಮೇ ತಿಂಗಳಲ್ಲಿ ಕೋಲ್ಕತ್ತದಿಂದ ಮೊದಲ ಸರಕು ಹಡಗು ಅಲ್ಲಿಗೆ ಹೋಯಿತು.

2021ರ ಫೆಬ್ರವರಿಯ ಸೇನಾ ಕ್ಷಿಪ್ರಕ್ರಾಂತಿಯ ನಂತರ ಆ ದೇಶ ಅಂತರ್ಯುದ್ಧದಲ್ಲಿದೆ. 2023ರ ಅಕ್ಟೋಬರ್‌ನಲ್ಲಿ ಮೂರು ಸಶಸ್ತ್ರ ಗುಂಪುಗಳು ಕೂಡಿ ಚೀನಾ ಗಡಿಗೆ ಹತ್ತಿರದ ಪ್ರದೇಶದಲ್ಲಿ ಸೇನೆಯ ಮೇಲೆ ದಾಳಿ ಮಾಡಿದವು. 2024ರ ಆಗಸ್ಟ್‌ನಲ್ಲಿ ಲಾಶಿಯೋ ಎಂಬ ಪಟ್ಟಣವನ್ನೂ ಅಲ್ಲಿದ್ದ ಸೇನಾ ಕಮಾಂಡ್ ಕಚೇರಿಯನ್ನೂ ಅವುಗಳಲ್ಲಿ ಒಂದು ಗುಂಪು ವಶಪಡಿಸಿಕೊಂಡಿತು. ಚೀನಾ ಗಡಿ ದ್ವಾರ ಮುಚ್ಚಿ ಒತ್ತಡ ಹಾಕಿತು, ಮಾತುಕತೆ ನಡೆಸಿತು, 2025ರ ಏಪ್ರಿಲ್‌ನಲ್ಲಿ ಆ ಗುಂಪು ಗೆದ್ದ ಪಟ್ಟಣವನ್ನೇ ಸೇನೆಗೆ ಹಿಂದಿರುಗಿಸಿತು. ರಣರಂಗದಲ್ಲಿ ಗೆದ್ದದ್ದು ಗಡಿಯ ಗೇಟಿನಲ್ಲಿ ಹೋಯಿತು.

ಆ ದೇಶದ ನಡುಭಾಗದ ಒಣ ಬಯಲುಗಳಲ್ಲಿ ತೊಗರಿ ಬೆಳೆಯುತ್ತದೆ. ಬೆಳೆಯುವವರು ಹೆಚ್ಚಾಗಿ ತಿನ್ನುವುದಿಲ್ಲ, ಭಾರತಕ್ಕೆ ಮಾರಲೆಂದೇ ಬೆಳೆಯುತ್ತಾರೆ. 2021ರಲ್ಲಿ ಭಾರತ ಐದು ವರ್ಷಗಳ ಕಾಲ ವರ್ಷಕ್ಕೆ 1 ಲಕ್ಷ ಟನ್ ತೊಗರಿ ತರಿಸಿಕೊಳ್ಳುವ ತಿಳಿವಳಿಕೆ ಪತ್ರಕ್ಕೆ ಮ್ಯಾನ್ಮಾರ್ ಜೊತೆ ಸಹಿ ಹಾಕಿತು. ಮಲಾವಿಯ ಜೊತೆ 50 ಸಾವಿರ ಟನ್, ಮೊಜಾಂಬಿಕ್ ಜೊತೆ 2 ಲಕ್ಷ ಟನ್. ಆ ಮೇ ತಿಂಗಳಿನಿಂದ ಆಮದಿಗೆ ಪ್ರಮಾಣದ ಮಿತಿಯನ್ನೂ ತೆಗೆಯಿತು. ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಬೇಳೆ ತುಟ್ಟಿಯಾಗಬಾರದು ಎಂಬುದು ಮೊದಲ ಕಾರಣ. ಮೂಲೆಮನೆಯವರ ಬಾಗಿಲು ಪೂರ್ತಿ ಹಿತ್ತಲಿನ ಕಡೆಗೇ ತೆರೆದುಕೊಳ್ಳದಂತೆ ವ್ಯಾಪಾರ ನಡೆಯುತ್ತಿರಲಿ ಎಂಬ ಎಣಿಕೆಯೂ ಇಂಥ ಒಪ್ಪಂದಗಳ ಹಿಂದೆ ಇರುತ್ತದೆ ಎಂಬುದು ನನ್ನ ತಿಳಿವಳಿಕೆ.

ಇನ್ನೂ ದೂರದ ಸರಪಳಿಯೂ ಇದೆ. ಅಮೆರಿಕದ ಹಾದಿ ಹಿಡಿದು ಕೆನಡಾ 2024ರಲ್ಲಿ ಚೀನಾದ ವಿದ್ಯುತ್ ಕಾರುಗಳ ಮೇಲೆ ಶೇ 100 ಸುಂಕ ಹಾಕಿತು. ಚೀನಾ 2025ರ ಮಾರ್ಚ್‌ನಲ್ಲಿ ಕೆನಡಾದ ಬಟಾಣಿಯ ಮೇಲೆ ಶೇ 100 ಹಾಕಿ ತೀರಿಸಿಕೊಂಡಿತು. ಕೆನಡಾದ ಬಟಾಣಿಗೆ ಇನ್ನೊಂದು ದೊಡ್ಡ ಸಂತೆ ಭಾರತ. ಅಗ್ಗದ ಹಳದಿ ಬಟಾಣಿ ಬಂದರೆ ಕಡಲೆ, ತೊಗರಿಗಳ ದರ ಜಗ್ಗುತ್ತದೆ ಎಂದು ನಮ್ಮ ರೈತ ಸಂಘಟನೆಗಳು ಕೂಗಿದವು. ಭಾರತ ಆ ನವೆಂಬರ್‌ನಿಂದ ಅದಕ್ಕೆ ಶೇ 30 ಸುಂಕ ಹಾಕಿತು.

ಮೊಜಾಂಬಿಕ್‌ನಿಂದ ನೋಡಿದರೆ ನಾವು

ಗಾಡಿ ಆಳಂದ ರಸ್ತೆಯಲ್ಲಿ ಹೋಗುವಾಗ ಕಾಕಾಗೆ ಕೊನೆಯದಾಗಿ ಹೇಳಿದ್ದು ಇದನ್ನು. ಈ ಕತೆಯಲ್ಲಿ ಭಾರತ ಬರೀ ಓಣಿಯ ಮಾಮೂಲಿ ಮನೆ ಅಲ್ಲ. ಮೊಜಾಂಬಿಕ್‌ನ ಸಣ್ಣ ರೈತನ ಕಣ್ಣಿಗೆ ಮೂರಂತಸ್ತಿನ ಮನೆ ನಾವೇ.

2015ರಲ್ಲಿ ನಮ್ಮಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. 2016ರಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದಾಗ, ಅಲ್ಲಿಂದ ತರಿಸುವ ಬೇಳೆಕಾಳನ್ನು ಹಂತಹಂತವಾಗಿ ಇಮ್ಮಡಿ ಮಾಡುವ ಒಪ್ಪಂದವಾಯಿತು. ಅಲ್ಲಿಯ ರೈತರು ತೊಗರಿ ಹೆಚ್ಚು ಬಿತ್ತಿದರು. ಅಷ್ಟರಲ್ಲಿ ನಮ್ಮಲ್ಲೂ ಒಳ್ಳೆಯ ಮಳೆಯಾಗಿ, ಒಳ್ಳೆಯ ದರದ ಆಸೆಗೆ ಎಲ್ಲರೂ ತೊಗರಿಯನ್ನೇ ಹಾಕಿ, 2016-17ರಲ್ಲಿ ರಾಶಿ ಉಕ್ಕಿತು. ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗೆ ಕುಸಿಯಿತು. 2017ರ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದನ್ನು ವರ್ಷಕ್ಕೆ 2 ಲಕ್ಷ ಟನ್‌ಗೆ ಮಿತಿಗೊಳಿಸಿತು. ಮೊಜಾಂಬಿಕ್‌ನ ಒಪ್ಪಂದದ ಪಾಲಿಗೆ ವಿನಾಯಿತಿ ಇತ್ತು, ಆದರೂ ಅಲ್ಲಿ ಬೆಳೆ ಕೊಯ್ಲಿಗೆ ಬಂದ ಹೊತ್ತಿನಲ್ಲೇ ದರ ನೆಲ ಕಚ್ಚಿತು. ದೆಹಲಿಯ ಒಂದು ಅಧಿಸೂಚನೆ ಆಫ್ರಿಕಾದ ಪೂರ್ವ ಕರಾವಳಿಯ ಸುಗ್ಗಿಯನ್ನು ಬದಲಿಸಿತ್ತು.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಆ ವರ್ಷ ಖರೀದಿ ಕೇಂದ್ರದ ಮುಂದೆ ನಾನು ಮೂರು ದಿನ ಕಾದಿದ್ದೆ, ನಿನಗೆ ನೆನಪಿದೆಯೇ? ರಾತ್ರಿ ಚೀಲದ ಮೇಲೇ ಮಲಗಿದ್ದೆ’ ಎಂದರು. ನೆನಪಿದೆ ಎಂದೆ, ಬುತ್ತಿ ಕೊಂಡುಹೋಗಿದ್ದವನು ನಾನೇ. ‘ಅವರಿಗೆ ಅಲ್ಲಿ ಇಂಥ ಕೇಂದ್ರ ಇದೆಯೇ?’ ಎಂದು ಕೇಳಿದರು. ನಮ್ಮಲ್ಲಿ ಇರುವಂಥ ಬೆಂಬಲ ಬೆಲೆ ಅಲ್ಲಿ ಇರಲಿಲ್ಲ ಎಂದೆ. ಅವರು ಖಾಲಿ ಚೀಲಗಳನ್ನು ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡು, ‘ಹಾಗಾದರೆ ಅವರು ಎಲ್ಲಿ ಕಾದರು?’ ಎಂದರು.